ನೆಲದಡಿಯ ನೀರಿಗೆ ಒಳನಾಡು ಹೊರನಾಡೆಂಬುದಿಲ್ಲ

1993ರ ಬೇಸಗೆಯಲ್ಲಿ ನನ್ನ ತಾಯಿ ಊರಿನಿಂದ ಡೊಂಬಿವಲಿಗೆ ಬಂದಿದ್ದರು. ಆಗ ನಾವಿದ್ದುದು ಪೂರ್ವಭಾಗದ ಒಂದು ಚಾಳಿನಲ್ಲಿ. ನಲ್ಲಿಯಲ್ಲಿ ನೀರು ಬರುತ್ತಿದ್ದುದು ಬೆಳಗಿನ ಮುಕ್ಕಾಲು ಗಂಟೆ ಮಾತ್ರ. ಅದನ್ನು ಹಿಡಿದಿಡಲೆಂದು ಗ್ಯಾಲರಿಯ ಮೂಲೆಯಲ್ಲಿ ಒಂದು ನೀಲಿ ಡ್ರಮ್ಮನ್ನು ಇಟ್ಟುಕೊಂಡಿದ್ದೆವು. ನಮ್ಮ ಚಾಳಿನ ಹೆಚ್ಚಿನ ಮನೆಗಳಲ್ಲೂ ಅಂಥದೇ ಡ್ರಮ್ಮುಗಳಿದ್ದವು. ಅವೆಲ್ಲವೂ ಭಂಗಾರದಂಗಡಿಯಿಂದ ಬಂದವು. ಮರಾಠಿಯ ‘ಭಂಗಾರ್’ ಎಂದರೆ ಗುಜರಿ ಎಂಬುದನ್ನು ತಿಳಿಯದೆ, ಊರಿನಿಂದ ಹೊಸದಾಗಿ ಬಂದ ನಮ್ಮವರು ಅದನ್ನು ಬಂಗಾರವೆಂದು ಭಾವಿಸಿ ನಗೆಗೀಡಾಗುತ್ತಿದ್ದ ಕಾಲ ಅದು. ನನ್ನ ತಾಯಿ ಡ್ರಮ್ಮಿನಿಂದ ಒಂದು ಚೊಂಬು ನೀರು ಮೊಗೆದು ಮೂಗಿನ ಬಳಿ ಹಿಡಿದು, “ಇದೆಂಥ ನೀರು ಮಗಾ? ಗದ್ದೆಗೆ ಹೊಡೆಯುವ ಮದ್ದಿನ ವಾಸನೆ ಬರುತ್ತದಲ್ಲ!” ಎಂದರು. ನಾನು ನಕ್ಕು, ನಾಲ್ಕು ಸಲ ತೊಳೆದಿದ್ದೇವೆ ಎಂದೆ. ಅವರು ಇದ್ದ ಇಪ್ಪತ್ತು ದಿನಗಳೂ ಆ ನೀರನ್ನು ಬಾಯಿಗಿಡಲಿಲ್ಲ. ಕುಡಿಯುವುದಕ್ಕೆ ನಲ್ಲಿಯಿಂದ ನೇರವಾಗಿ ತಂಬಿಗೆಗಳಲ್ಲಿ ಹಿಡಿದಿಟ್ಟುಕೊಂಡರು.

ಆ ಡ್ರಮ್ಮಿನ ಮೈಮೇಲೆ ಒಂದು ಚೀಟಿ ಅಂಟಿಸಿದ್ದ ಗುರುತಿತ್ತು. ಚೀಟಿಯನ್ನು ಯಾರೋ ಕೆರೆದು ತೆಗೆದಿದ್ದರು. ಅದರಲ್ಲಿ ಮೊದಲು ಏನಿತ್ತು, ಯಾವ ಕಾರ್ಖಾನೆಯಿಂದ ಬಂತು, ತೊಳೆದಾಗ ಅದರೊಳಗಿನ ಶೇಷ ಯಾವ ಚರಂಡಿಗೆ ಹೋಯಿತು ಎಂಬುದನ್ನು ನಾನು ಕೇಳಲಿಲ್ಲ. ಕೇಳಬೇಕೆಂದೂ ಅನಿಸಲಿಲ್ಲ. ಮೂರು ದಶಕಗಳ ಬಳಿಕ ಈಗ ಅನಿಸುತ್ತಿರುವುದೆಂದರೆ, ನಾವು ಕೇಳದೆ ಬಿಟ್ಟ ಪ್ರಶ್ನೆ ಕೇವಲ ಒಂದು ಡ್ರಮ್ಮಿನದಾಗಿರಲಿಲ್ಲ. ನಾವು ನೆಲೆಸಿದ ನೆಲದ ಬಗೆಗೇ ಅಂಥದೊಂದು ಚೀಟಿಯನ್ನು ಕೆರೆದು ಹಾಕಲಾಗಿದೆ. ನಾವು ಅದನ್ನು ಓದಲು ಹೋಗಿಲ್ಲ.

ಇದೇ ಸಂದರ್ಭದಲ್ಲಿ ಇನ್ನೊಂದು ನೆನಪೂ ನನ್ನನ್ನು ಕಾಡುತ್ತದೆ. ತೊಂಬತ್ತರ ದಶಕದಲ್ಲಿ ಪಡುಬಿದ್ರಿ ಬಳಿಯ ನಂದಿಕೂರಿನಲ್ಲಿ ಅಮೆರಿಕದ ಕೊಜೆಂಟ್ರಿಕ್ಸ್ ಕಂಪೆನಿ ಕಲ್ಲಿದ್ದಲಿನ ವಿದ್ಯುತ್ ಸ್ಥಾವರ ಕಟ್ಟುತ್ತದೆಂಬ ಸುದ್ದಿ ಬಂದಾಗ ಮುಂಬಯಿಯ ಕರಾವಳಿ ಕನ್ನಡಿಗರು ಸುಮ್ಮನೆ ಕೂರಲಿಲ್ಲ. ಸಭೆ ಸೇರಿದೆವು, ಮನವಿಪತ್ರಗಳಿಗೆ ಸಹಿ ಹಾಕಿದೆವು, ಊರಿನ ಹೋರಾಟಕ್ಕೆ ಕೈಲಾದಷ್ಟು ಹಣ ಕಳುಹಿಸಿದೆವು. ಹಾರುಬೂದಿ ಬಾವಿಗೆ ಬಿದ್ದರೆ ಏನಾಗುತ್ತದೆ, ಮಲ್ಲಿಗೆ ಕೃಷಿಯ ಗತಿ ಏನು ಎಂಬುದರ ಕುರಿತು ಗಂಟೆಗಟ್ಟಲೆ ಚರ್ಚಿಸಿದೆವು. 1999ರ ಕೊನೆಯಲ್ಲಿ ಕಂಪೆನಿ ಹಿಂದೆ ಸರಿದಾಗ ಸಿಹಿ ಹಂಚಿದೆವು. ಆ ಉತ್ಸಾಹ ಸುಳ್ಳಾಗಿರಲಿಲ್ಲ. ಅದನ್ನು ಇಂದಿಗೂ ನಾನು ಗೌರವಿಸುತ್ತೇನೆ. ಆದರೆ ಅದೇ ವರ್ಷಗಳಲ್ಲಿ, ಆ ಸಭೆಗಳು ನಡೆದ ಸಭಾಂಗಣದಿಂದ ಒಂದೆರಡು ಕಿಲೋಮೀಟರಿನಷ್ಟು ದೂರದಲ್ಲಿ ಹರಿಯುತ್ತಿದ್ದ ನಾಲೆಯ ನೀರು ಒಂದು ದಿನ ಕೆಂಪು, ಒಂದು ದಿನ ಹಸಿರು ಬಣ್ಣದ್ದಾಗಿರುತ್ತಿತ್ತು. ಅದರ ಬಗ್ಗೆ ನಾವು ಒಂದೇ ಒಂದು ಸಭೆ ಕರೆಯಲಿಲ್ಲ. ಸುಮಾರು ಒಂಬತ್ತುನೂರು ಕಿಲೋಮೀಟರ್ ದೂರದ ಬಾವಿಗೆ ಬರಬಹುದಾದ ವಿಷಕ್ಕೆ ನಾವು ಬೆಚ್ಚಿಬಿದ್ದೆವು. ಕಾಲಡಿಗೆ ಬಂದಾಗಿದ್ದ ವಿಷದೊಡನೆ ಹೊಂದಿಕೊಂಡೆವು.

ಏಕೆ ಹೀಗಾಯಿತು? ಈ ಪ್ರಶ್ನೆಗೆ ನಾನು ಕಂಡುಕೊಂಡ ಉತ್ತರ ನಮಗೆ ಗೌರವ ತರುವಂಥದ್ದಲ್ಲ. ನಾವು ಇಲ್ಲಿ ದುಡಿಯಲು ಬಂದವರು, ಇದು ನಮ್ಮ ನೆಲವಲ್ಲ, ನಮ್ಮ ಬಾವಿ ಊರಿನಲ್ಲಿದೆ ಎಂಬ ಭಾವನೆಯೇ ಇದಕ್ಕೆ ಕಾರಣ. ಬಾಡಿಗೆದಾರ ಮನೆಯ ಗೋಡೆ ಸೋರಿದರೆ ಯಜಮಾನನಿಗೆ ಹೇಳುತ್ತಾನೆ. ತಳಪಾಯ ಸೋರಿದರೆ ಅವನಿಗೆ ತಿಳಿಯುವುದೂ ಇಲ್ಲ. ನಾವು ಈ ನಾಡಿನಲ್ಲಿ ಮನೆ ಕೊಂಡೆವು, ಹೋಟೆಲು ನಡೆಸಿದೆವು, ಮಕ್ಕಳನ್ನು ಓದಿಸಿದೆವು, ಸಂಘ ಕಟ್ಟಿದೆವು; ಆದರೂ ನೀರಿನ ವಿಷಯದಲ್ಲಿ ಬಾಡಿಗೆದಾರರಾಗಿಯೇ ಉಳಿದೆವು.

ಈ ನೆಲದ ಇತಿಹಾಸವನ್ನು ಸ್ವಲ್ಪ ನೆನಪಿಸಿಕೊಳ್ಳುವುದು ಒಳ್ಳೆಯದು. ಮಹಾರಾಷ್ಟ್ರ ಕೈಗಾರಿಕಾ ಅಭಿವೃದ್ಧಿ ನಿಗಮ, ಎಂದರೆ ನಾವೆಲ್ಲ ‘ಎಂಐಡಿಸಿ’ ಎಂದು ಕರೆಯುವ ಸಂಸ್ಥೆ, ಸ್ಥಾಪನೆಯಾದದ್ದು 1962ರಲ್ಲಿ. ಆ ದಶಕದಲ್ಲೇ ಥಾಣೆ-ಬೇಲಾಪುರ ರಸ್ತೆಯ ಉದ್ದಕ್ಕೂ, ಡೊಂಬಿವಲಿಯಲ್ಲಿ, ಅಂಬರನಾಥದಲ್ಲಿ ರಾಸಾಯನಿಕ ಉದ್ಯಮಗಳು ತಲೆಯೆತ್ತತೊಡಗಿದವು. ಬಳಿಕ ತಲೋಜಾ ಸೇರಿತು. ಬಣ್ಣ, ಬಣ್ಣದ ಕಚ್ಚಾವಸ್ತು, ಔಷಧ, ಕೀಟನಾಶಕ, ದ್ರಾವಕಗಳನ್ನು ತಯಾರಿಸುವ ಸಣ್ಣ ದೊಡ್ಡ ಕಾರ್ಖಾನೆಗಳು ಇಲ್ಲಿ ನೆರೆದವು. ಆದರೆ ಅಪಾಯಕಾರಿ ತ್ಯಾಜ್ಯವನ್ನು ಹೇಗೆ ಕೂಡಿಡಬೇಕು, ಎಲ್ಲಿ ಹೂಳಬೇಕು ಎಂಬ ನಿಯಮಗಳು ದೇಶದಲ್ಲಿ ಮೊದಲ ಬಾರಿಗೆ ಬಂದದ್ದು 1989ರಲ್ಲಿ. ಸುರಕ್ಷಿತವಾಗಿ ಹೂಳುವ ಸಾಮೂಹಿಕ ನಿವೇಶನಗಳು ಮಹಾಪೆಯಲ್ಲಿ, ತಲೋಜಾದಲ್ಲಿ ಕೆಲಸ ಆರಂಭಿಸಿದ್ದು ಅದಕ್ಕೂ ಎಷ್ಟೋ ವರ್ಷಗಳ ನಂತರ. ಹಾಗಾದರೆ ನಡುವಿನ ಮೂರು ದಶಕಗಳಷ್ಟು ಕಾಲದ ಕೆಸರು, ಟಾರು, ಬೂದಿ, ಹಳಸಿದ ದ್ರಾವಕ ಎಲ್ಲಿ ಹೋದವು? ಹೂಳಲು ನಿಯಮವೂ ಇಲ್ಲದ, ಜಾಗವೂ ಇಲ್ಲದ ಕಾಲದಲ್ಲಿ ವಸ್ತು ಮಾಯವಾಗುವುದಿಲ್ಲ. ಅದು ಕಾರ್ಖಾನೆಯ ಹಿತ್ತಿಲಿಗೆ, ಖಾಲಿ ಕಲ್ಲುಕ್ವಾರಿಗೆ, ನಾಲೆಗೆ, ಖಾಡಿಗೆ ಹೋಗುತ್ತದೆ.

ಇದರ ಪ್ರಮಾಣವನ್ನು ಊಹಿಸಲು ರಾಜಸ್ಥಾನದ ಉದಯಪುರ ಜಿಲ್ಲೆಯ ಬಿಛ್ಡಿ ಎಂಬ ಹಳ್ಳಿಯ ಪ್ರಕರಣ ಸಹಾಯ ಮಾಡುತ್ತದೆ. ಅಲ್ಲಿ ಎಂಬತ್ತರ ದಶಕದ ಕೊನೆಯಲ್ಲಿ ಬಣ್ಣದ ಉದ್ಯಮಕ್ಕೆ ಬೇಕಾದ ‘ಎಚ್-ಆಸಿಡ್’ ಎಂಬ ವಸ್ತುವನ್ನು ತಯಾರಿಸಲಾಗುತ್ತಿತ್ತು. ಸುಮಾರು 375 ಟನ್ ಎಚ್-ಆಸಿಡ್ ತಯಾರಾದಾಗ ಉಳಿದ ಕೆಸರು ಸುಮಾರು 2,440 ಟನ್. ಅದನ್ನು ಬಯಲಿನಲ್ಲಿ ಸುರಿಯಲಾಯಿತು; ಮಳೆ ಅದನ್ನು ಕರಗಿಸಿ ಒಳಗೆ ಒಯ್ದಿತು; ಸುತ್ತಲಿನ ಹಳ್ಳಿಗಳ ಬಾವಿಗಳ ನೀರು ಬಣ್ಣಗೆಟ್ಟು, ಮನುಷ್ಯರಿಗಿರಲಿ, ದನಕರುಗಳಿಗೂ ಬೆಳೆಗೂ ಬಾರದಂತಾಯಿತು. 1996ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟು, ಮಲಿನ ಮಾಡಿದವನೇ ಶುಚಿಗೊಳಿಸುವ ವೆಚ್ಚವನ್ನೂ ಭರಿಸಬೇಕೆಂಬ ತತ್ತ್ವವನ್ನು ಈ ಪ್ರಕರಣದಲ್ಲೇ ಸ್ಪಷ್ಟವಾಗಿ ಸಾರಿತು. ಗಮನಿಸಬೇಕಾದ ಮಾತೆಂದರೆ, ಆ ಕಾರ್ಖಾನೆಗಳು ಎಚ್-ಆಸಿಡ್ ತಯಾರಿಸಿದ ಅವಧಿ ತೀರ ಚಿಕ್ಕದು; ಬಾವಿಗಳು ಕೆಟ್ಟದ್ದು ದಶಕಗಳ ಮಟ್ಟಿಗೆ. ಬಣ್ಣ ಮತ್ತು ಬಣ್ಣದ ಕಚ್ಚಾವಸ್ತುಗಳ ಉದ್ಯಮ ಆರು ದಶಕಗಳಷ್ಟು ಬೇರೂರಿದ ನಮ್ಮ ಡೊಂಬಿವಲಿಯ ನೆಲದಡಿ ಏನಿದೆಯೆಂಬ ಪ್ರಶ್ನೆ ಕೇಳಲು ಇಷ್ಟು ಸಾಲದೇ?

ನೆಲದಡಿಯ ನೀರಿನ ಸ್ವಭಾವವೂ ಊರಿನಿಂದೂರಿಗೆ ಬೇರೆ. ಕರಾವಳಿಯವರಾದ ನಮಗೆ ಗೊತ್ತಿರುವುದು ಮುರಕಲ್ಲಿನ ಬಾವಿ. ಅದು ಜರಡಿಯಂತಹ ಕಲ್ಲು. ಮಳೆಗಾಲದಲ್ಲಿ ಬೇಗ ತುಂಬುತ್ತದೆ, ಬೇಸಗೆಯಲ್ಲಿ ಬೇಗ ಇಳಿಯುತ್ತದೆ. ಇಲ್ಲಿಯದು ಬಸಾಲ್ಟ್ ಎಂಬ ಕರಿಕಲ್ಲು, ಹಿಂದೆಂದೋ ಜ್ವಾಲಾಮುಖಿಯಿಂದ ಹರಿದು ಪದರ ಪದರವಾಗಿ ಹೆಪ್ಪುಗಟ್ಟಿದ ಲಾವಾ. ವಿಜಯಪುರ, ಬೆಳಗಾವಿ, ಕಲಬುರಗಿಯ ಕಡೆಯಿಂದ ಬಂದ ನಮ್ಮ ಬಂಧುಗಳಿಗೆ ಈ ಕಲ್ಲು ಹೊಸತಲ್ಲ. ಈ ಕಲ್ಲಿನಲ್ಲಿ ನೀರು ನಿಲ್ಲುವುದು ಮೇಲಿನ ಸವೆದ ಪದರದಲ್ಲಿ ಮತ್ತು ಒಳಗಿನ ಬಿರುಕುಗಳಲ್ಲಿ. ಬಿರುಕು ಎತ್ತ ಹೋಗುತ್ತದೋ ನೀರು ಅತ್ತ ಹೋಗುತ್ತದೆ; ನೀರಿನೊಡನೆ ಕರಗಿದ್ದೆಲ್ಲವೂ ಹೋಗುತ್ತದೆ. ಆದುದರಿಂದ ಕಾರ್ಖಾನೆಯ ಪಕ್ಕದ ಕೊಳವೆಬಾವಿ ಚೆನ್ನಾಗಿದ್ದು, ದೂರದ ಕಟ್ಟಡದ ಕೊಳವೆಬಾವಿ ಕೆಟ್ಟಿರುವ ಸಾಧ್ಯತೆಯುಂಟು. ಪಕ್ಕದವರದು ಸರಿಯಿದೆ, ನಮ್ಮದೂ ಸರಿಯಿರಬೇಕು ಎಂಬ ನಮ್ಮ ಸೊಸೈಟಿಗಳ ತರ್ಕಕ್ಕೆ ಈ ಕಲ್ಲಿನಲ್ಲಿ ಆಧಾರವಿಲ್ಲ. ಬಿರುಕಿನೊಳಗೆ ಸೇರಿದ್ದನ್ನು ಹೊರತೆಗೆಯುವುದು ನದಿಯನ್ನು ಶುಚಿಗೊಳಿಸುವುದಕ್ಕಿಂತ ಎಷ್ಟೋ ಪಾಲು ಕಷ್ಟ.

ನಮ್ಮ ಪರಿಸರದಲ್ಲಿ ಸದ್ದು ಮಾಡಿದ ದುರಂತಗಳು ಎಲ್ಲರಿಗೂ ನೆನಪಿವೆ. 2016ರ ಮೇ 26ರಂದು ಡೊಂಬಿವಲಿಯ ರಾಸಾಯನಿಕ ಕಾರ್ಖಾನೆಯೊಂದರಲ್ಲಿ ಆದ ಸ್ಫೋಟಕ್ಕೆ ಕಿಲೋಮೀಟರುಗಳಾಚೆಯ ಕಿಟಕಿಗಾಜುಗಳು ಪುಡಿಯಾದವು, ಹಲವರು ಸತ್ತರು. 2024ರ ಮೇ 23ರಂದು ಮತ್ತೊಂದು ಸ್ಫೋಟ, ಮತ್ತೆ ಸಾವುಗಳು. ಕಣ್ಣಿಗೆ ಬಿದ್ದ ವಿಚಿತ್ರಗಳೂ ನೆನಪಿವೆ. 2014ರ ಜನವರಿಯಲ್ಲಿ ಡೊಂಬಿವಲಿಯಲ್ಲಿ ಹಸಿರು ಮಳೆ ಬಿದ್ದಿತು. 2017ರ ಆಗಸ್ಟಿನಲ್ಲಿ ತಲೋಜಾದ ಬೀದಿನಾಯಿಗಳ ಮೈ ನೀಲಿಯಾಯಿತು. 2020ರ ಫೆಬ್ರವರಿಯಲ್ಲಿ ಡೊಂಬಿವಲಿಯ ಎಂಐಡಿಸಿ ರಸ್ತೆ ಗುಲಾಬಿ ಬಣ್ಣಕ್ಕೆ ತಿರುಗಿತು. ಪ್ರತಿಸಲವೂ ಮಂತ್ರಿಗಳು ಬಂದರು, ಪತ್ರಿಕೆಗಳಲ್ಲಿ ಚಿತ್ರ ಬಂತು, ತನಿಖೆಯ ಮಾತು ಬಂತು. ಇವೆಲ್ಲವೂ ಸದ್ದು ಮತ್ತು ಬಣ್ಣ ಇರುವ ಸಂಗತಿಗಳು. ಅಂತರ್ಜಲಕ್ಕೆ ಸದ್ದಿಲ್ಲ. ಸೀಸ, ಕ್ಯಾಡ್ಮಿಯಂ, ಪಾದರಸಗಳಿಗೆ ನೀರಿನಲ್ಲಿ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ನನ್ನ ತಾಯಿಯ ಮೂಗು ದ್ರಾವಕವನ್ನು ಹಿಡಿಯಬಲ್ಲುದಾಗಿತ್ತು, ಸೀಸವನ್ನು ಅಲ್ಲ.

ವಾಲ್ಧುನಿ ನದಿಯ ಕಥೆ ಸದ್ದಿಗೂ ಮೌನಕ್ಕೂ ನಡುವಿನದು. ಅಂಬರನಾಥದ ಗುಡ್ಡಗಳಲ್ಲಿ ಹುಟ್ಟಿ ಉಲ್ಲಾಸನಗರದ ನಡುವೆ ಹರಿದು ಕಲ್ಯಾಣದ ಬಳಿ ಉಲ್ಲಾಸ ನದಿಯನ್ನು ಸೇರುವ ಈ ಚಿಕ್ಕ ನದಿಯನ್ನು ಬಹಳ ಜನ ನಾಲೆಯೆಂದೇ ತಿಳಿದಿದ್ದಾರೆ. 2014ರ ನವೆಂಬರಿನ ಒಂದು ರಾತ್ರಿ ಯಾರೋ ಟ್ಯಾಂಕರಿನಲ್ಲಿ ತಂದ ರಾಸಾಯನಿಕ ತ್ಯಾಜ್ಯವನ್ನು ಅದಕ್ಕೆ ಸುರಿದರು. ಎದ್ದ ಅನಿಲದಿಂದ ದಡದ ಬಸ್ತಿಗಳ ನೂರಾರು ಜನ ಆಸ್ಪತ್ರೆ ಸೇರಬೇಕಾಯಿತು. ಅನಿಲ ಎದ್ದುದರಿಂದ ಅಂದು ಸುದ್ದಿಯಾಯಿತು. ಅನಿಲ ಏಳದ ರಾತ್ರಿಗಳಲ್ಲಿ ಸುರಿದದ್ದು ಎಷ್ಟೋ! ಸುರಿದವನಿಗೆ ಆಗುವ ಲಾಭ ಸರಳವಾದುದು. ತಲೋಜಾಕ್ಕೋ ಮಹಾಪೆಗೋ ನಿಯಮಪ್ರಕಾರ ಕಳುಹಿಸಿದರೆ ಟನ್ನಿಗೆ ಇಷ್ಟೆಂದು ಹಣ ಕೊಡಬೇಕು, ದಾಖಲೆ ಇಡಬೇಕು. ರಾತ್ರಿಯ ಟ್ಯಾಂಕರಿಗೆ ಡೀಸೆಲ್ಲಿನ ಖರ್ಚು ಮಾತ್ರ. ಉಳಿದ ಖರ್ಚನ್ನು ದಡದವರು ತಮ್ಮ ಶ್ವಾಸಕೋಶದಿಂದ, ಮೂತ್ರಪಿಂಡದಿಂದ ತೆರುತ್ತಾರೆ.

ವಿದೇಶಗಳ ತ್ಯಾಜ್ಯವೂ ನಮ್ಮ ಬಾಗಿಲಿಗೆ ಬಂದಿತ್ತೆಂಬುದನ್ನು ಇಲ್ಲಿ ಹೇಳಬೇಕು. ನವಿ ಮುಂಬಯಿಯ ನ್ಹಾವಾ ಶೇವಾ ಬಂದರಿನಲ್ಲಿ ಎಣ್ಣೆಯ ಹೆಸರಿನಲ್ಲಿ ತರಿಸಿದ ಅಪಾಯಕಾರಿ ತ್ಯಾಜ್ಯದ 133 ಕಂಟೇನರುಗಳು ವರ್ಷಗಟ್ಟಲೆ ಬಿದ್ದಿದ್ದವು. ಆಮದುದಾರರ ಖರ್ಚಿನಲ್ಲೇ ಅವನ್ನು ಸುಟ್ಟು ನಾಶಪಡಿಸಬೇಕೆಂದು ಸುಪ್ರೀಂ ಕೋರ್ಟು 2005ರಲ್ಲಿ ಆಜ್ಞೆ ಮಾಡಿತು. ಈ ಮೊಕದ್ದಮೆಯಲ್ಲೇ, 1997ರಲ್ಲಿ, ದೇಶದ ಅಪಾಯಕಾರಿ ತ್ಯಾಜ್ಯಗಳ ಸ್ಥಿತಿಯನ್ನು ಪರಿಶೀಲಿಸಲು ಕೋರ್ಟು ಉನ್ನತಾಧಿಕಾರ ಸಮಿತಿಯೊಂದನ್ನು ನೇಮಿಸಿತ್ತು. ಅದರ ಅಧ್ಯಕ್ಷರಾಗಿದ್ದವರು ಮಂಗಳೂರಿನಲ್ಲಿ ಜನಿಸಿದ ಭೌತವಿಜ್ಞಾನಿ ಎಂ.ಜಿ.ಕೆ. ಮೆನನ್. ನಾವು ಕೊಜೆಂಟ್ರಿಕ್ಸಿನ ಸಭೆಗಳಲ್ಲಿ ಮುಳುಗಿದ್ದ ಅದೇ ವರ್ಷಗಳಲ್ಲಿ ನಮ್ಮದೇ ಕರಾವಳಿಯಲ್ಲಿ ಹುಟ್ಟಿದ ಹಿರಿಯರೊಬ್ಬರು ನಮ್ಮ ಈಗಿನ ನೆಲದ ವಿಷಯವನ್ನೂ ಒಳಗೊಂಡ ವಿಚಾರಣೆ ನಡೆಸುತ್ತಿದ್ದರೆಂಬುದು ನಮ್ಮ ಗಮನಕ್ಕೆ ಬಂದಿರಲಿಲ್ಲ.

ಇನ್ನು ಊರು-ಪರವೂರೆಂಬ ನಮ್ಮ ಲೆಕ್ಕಾಚಾರ ಎಷ್ಟು ಪೊಳ್ಳೆಂಬುದನ್ನು ಒಂದು ಸರಕಾರಿ ಪಟ್ಟಿಯೇ ತೋರಿಸಿಕೊಟ್ಟಿತು. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ 2009ರಲ್ಲಿ ದೇಶದ 88 ಕೈಗಾರಿಕಾ ಪ್ರದೇಶಗಳ ಗಾಳಿ, ನೀರು, ನೆಲಗಳ ಸ್ಥಿತಿಯನ್ನು ತೂಗಿ ಅಂಕಗಳನ್ನು ಕೊಟ್ಟಿತು. 70ಕ್ಕಿಂತ ಹೆಚ್ಚು ಬಂದರೆ ಆ ಪ್ರದೇಶ ‘ವಿಷಮ ಸ್ಥಿತಿ’ಯದು. ಡೊಂಬಿವಲಿಗೆ 78.41 ಬಂತು. ನವಿ ಮುಂಬಯಿಗೆ 73.77. ಮಂಗಳೂರಿಗೆ 73.68. ಭದ್ರಾವತಿಗೆ 72.33. ಆ ಬಳಿಕದ ಮರುಮೌಲ್ಯಮಾಪನಗಳಲ್ಲಿ ಅಂಕಗಳು ಬದಲಾಗಿವೆ. ಆ ಮಾತು ಬೇರೆ. ಆದರೆ ಆ ವರ್ಷ ಮಂಗಳೂರಿನಿಂದ ಸಂಜೆ ಬಸ್ಸು ಹತ್ತಿ ಮರುದಿನ ವಾಶಿಯಲ್ಲಿ ಇಳಿದ ನಮ್ಮವನೊಬ್ಬ, ಮಾಲಿನ್ಯದ ಲೆಕ್ಕದಲ್ಲಿ, ಒಂದು ಅಂಕದ ಹತ್ತನೆಯ ಒಂದು ಭಾಗದಷ್ಟು ದೂರವನ್ನೂ ಪ್ರಯಾಣ ಮಾಡಿರಲಿಲ್ಲ. ‘ಊರಿನ ನೀರು’ ಎಂಬ ನಮ್ಮ ಹಂಬಲಕ್ಕೂ ‘ಇಲ್ಲಿಯ ನೀರು’ ಎಂಬ ನಮ್ಮ ಉದಾಸೀನಕ್ಕೂ ಆ ಪಟ್ಟಿ ಏಕಕಾಲಕ್ಕೆ ಉತ್ತರ ಹೇಳಿತು.

ನಂದಿಕೂರಿನ ಕಥೆಯೂ 1999ರ ಸಿಹಿಯೊಂದಿಗೆ ಮುಗಿಯಲಿಲ್ಲ. ಒಂದು ಕಂಪೆನಿ ಹೋಯಿತು, ಬೇರೆ ಕಂಪೆನಿಗಳು ಬಂದವು, ಎಲ್ಲೂರಿನಲ್ಲಿ 1,200 ಮೆಗಾವಾಟಿನ ಕಲ್ಲಿದ್ದಲು ಸ್ಥಾವರ ಎದ್ದೇಬಿಟ್ಟಿತು. ಹಾರುಬೂದಿಯ ಬಗ್ಗೆ, ಬಾವಿ-ಗದ್ದೆಗಳಿಗೆ ಉಪ್ಪುನೀರು ಸೇರುವ ಬಗ್ಗೆ ಊರವರ ದೂರುಗಳು ರಾಷ್ಟ್ರೀಯ ಹಸಿರು ನ್ಯಾಯಪೀಠಕ್ಕೆ ಹೋದವು. 2022ರ ಮೇ ತಿಂಗಳಲ್ಲಿ ನ್ಯಾಯಪೀಠ ಸ್ಥಾವರಕ್ಕೆ ಸುಮಾರು 52 ಕೋಟಿ ರೂಪಾಯಿಗಳ ಪರಿಹಾರದ ಹೊಣೆ ಹೊರಿಸಿತು. ಎರಡನೆಯ ಹಂತದ ಈ ಹೋರಾಟದಲ್ಲಿ ಮುಂಬಯಿಯ ಸಭಾಂಗಣಗಳು ಮೊದಲಿನಷ್ಟು ತುಂಬಲಿಲ್ಲ ಎಂಬುದನ್ನೂ ಒಪ್ಪಿಕೊಳ್ಳಬೇಕು. ದೂರದ ಪ್ರೀತಿ ಒಂದು ಸಭೆಗೆ, ಒಂದು ಮನವಿಗೆ ಸಾಕು. ಇಪ್ಪತ್ತು ವರ್ಷ ಬಾವಿ ಕಾಯಲು ಬಾವಿಯ ಬಳಿ ಬದುಕುವವರೇ ಬೇಕು. ಡೊಂಬಿವಲಿ, ಕಲ್ಯಾಣ, ಥಾಣೆ, ನವಿ ಮುಂಬಯಿಗಳಲ್ಲಿ ಬಾವಿಯ ಬಳಿ ಬದುಕುವವರು ನಾವು.

ಇಲ್ಲಿ ಕೆಲವು ಮಿತ್ರರ ಆಕ್ಷೇಪಗಳನ್ನು ಎದುರಿಸಬೇಕು. ಮೊದಲನೆಯದು, ಈ ಕಾರ್ಖಾನೆಗಳಿಂದಲೇ ಅಲ್ಲವೆ ನಮ್ಮ ಅನ್ನ ಎಂಬುದು. ನಿಜ. ನಮ್ಮ ಎಷ್ಟೋ ಜನ ಅಲ್ಲಿ ಫಿಟ್ಟರುಗಳಾಗಿ, ಕೆಮಿಸ್ಟರಾಗಿ, ಗುಮಾಸ್ತರಾಗಿ ದುಡಿದರು. ಅವುಗಳ ಕ್ಯಾಂಟೀನುಗಳನ್ನು ನಡೆಸಿದರು. ಕಾರ್ಖಾನೆ ಮುಚ್ಚಬೇಕೆಂದು ನಾನು ಹೇಳುತ್ತಿಲ್ಲ. ನಿಯಮವನ್ನು ಪಾಲಿಸಿ ತ್ಯಾಜ್ಯವನ್ನು ತೊಂಬತ್ತು ದಿನಗಳೊಳಗೆ ದಾಖಲೆಯೊಡನೆ ಸುರಕ್ಷಿತ ನಿವೇಶನಕ್ಕೆ ಕಳುಹಿಸುವ ಉದ್ಯಮಿಗೆ, ರಾತ್ರಿ ಟ್ಯಾಂಕರು ಕಳುಹಿಸುವವನೊಡನೆ ಬೆಲೆಯಲ್ಲಿ ಪೈಪೋಟಿ ಮಾಡಬೇಕಾದ ದುರವಸ್ಥೆ ತಪ್ಪಬೇಕೆನ್ನುತ್ತಿದ್ದೇನೆ. ಪ್ರತಿ ಸ್ಫೋಟದ ಬಳಿಕ ಕೇಳಿಬರುವ ಸ್ಥಳಾಂತರದ ಮಾತೂ ನನಗೆ ಪೂರ್ತಿ ಸಮಾಧಾನ ತರುವುದಿಲ್ಲ. ಕಾರ್ಖಾನೆಯನ್ನು ಲಾರಿಯಲ್ಲಿ ಸಾಗಿಸಬಹುದು. ಅದರಡಿಯ ಮಣ್ಣು ಇಲ್ಲೇ ಉಳಿಯುತ್ತದೆ. ಹೋದ ಕಡೆಯೂ ಒಂದು ಊರಿದೆ, ಅಲ್ಲಿಯೂ ಬಾವಿಗಳಿವೆ. ನ್ಯೂಯಾರ್ಕ್ ರಾಜ್ಯದ ಲವ್ ಕೆನಾಲ್ ಎಂಬಲ್ಲಿ ರಾಸಾಯನಿಕ ಕಂಪೆನಿಯೊಂದು ಸುಮಾರು 21,000 ಟನ್ ತ್ಯಾಜ್ಯವನ್ನು ಹೂತು, ಮಣ್ಣು ಮುಚ್ಚಿ, 1953ರಲ್ಲಿ ಆ ಜಾಗವನ್ನು ಒಂದು ಡಾಲರಿಗೆ ಶಾಲಾ ಮಂಡಳಿಗೆ ಕೊಟ್ಟಿತು. ಅದರ ಮೇಲೆ ಶಾಲೆ, ಸುತ್ತ ಮನೆಗಳು ಬಂದವು. ಕಾಲು ಶತಮಾನದ ಬಳಿಕ, 1978ರಲ್ಲಿ, ಅಮೆರಿಕದ ಅಧ್ಯಕ್ಷರು ಅಲ್ಲಿ ತುರ್ತುಪರಿಸ್ಥಿತಿ ಸಾರಿ ಕುಟುಂಬಗಳನ್ನು ಬೇರೆಡೆಗೆ ಸಾಗಿಸಬೇಕಾಯಿತು. ಥಾಣೆ-ಬೇಲಾಪುರ ರಸ್ತೆಯ ಹಳೆಯ ಕಾರ್ಖಾನೆಗಳು ಮುಚ್ಚಿ ಅಲ್ಲಿ ಗಾಜಿನ ಕಚೇರಿಗಳು ಏಳುತ್ತಿರುವ ಈ ಕಾಲದಲ್ಲಿ ನಾವು ಈ ಕಥೆಯನ್ನು ಮರೆಯಬಾರದು. ಆ ಕಚೇರಿಗಳಲ್ಲಿ ದುಡಿಯುತ್ತಿರುವವರು ನಮ್ಮ ಮಕ್ಕಳು.

ಎರಡನೆಯ ಆಕ್ಷೇಪ, ಯಾವ ಕಾಯಿಲೆಯನ್ನು ಯಾವ ಕಾರ್ಖಾನೆಯ ತಲೆಗೆ ಕಟ್ಟುತ್ತೀರಿ ಎಂಬುದು. ಇದು ನ್ಯಾಯವಾದ ಪ್ರಶ್ನೆ. ಸೀಸ ಮಕ್ಕಳ ಮೆದುಳಿನ ಬೆಳವಣಿಗೆಯನ್ನು ಕುಂಠಿಸುತ್ತದೆ, ಕ್ಯಾಡ್ಮಿಯಂ ಮೂತ್ರಪಿಂಡವನ್ನು, ಪಾದರಸ ನರಮಂಡಲವನ್ನು ಕೆಡಿಸುತ್ತದೆ, ಬೆಂಜೀನ್ ರಕ್ತದ ಕ್ಯಾನ್ಸರಿಗೆ ಕಾರಣವಾಗುತ್ತದೆ ಎಂಬುದು ವೈದ್ಯಶಾಸ್ತ್ರ ಒಪ್ಪಿದ ಮಾತು. ಆದರೆ ನಮ್ಮ ಕಟ್ಟಡದ ಇಂಥವರ ಮೂತ್ರಪಿಂಡ ಕೆಟ್ಟದ್ದು ಇದರಿಂದಲೇ ಎಂದು ಯಾವ ವೈದ್ಯರೂ ಹೇಳಲಾರರು. ಸಕ್ಕರೆ ಕಾಯಿಲೆಯಿಂದಲೂ ಅದು ಕೆಡುತ್ತದೆ. ನಾನೂ ಹಾಗೆ ಹೇಳುವುದಿಲ್ಲ. ಹೇಳಲಾಗದಿರುವುದಕ್ಕೆ ಕಾರಣ ಯಾರೂ ಬರೆದಿಡದಿರುವುದು ಎಂಬುದಷ್ಟೇ ನನ್ನ ವಾದ. ಬರೆದಿಟ್ಟರೆ ಏನಾಗುತ್ತದೆಂಬುದಕ್ಕೆ ನಮ್ಮ ಗಡಿನಾಡೇ ಸಾಕ್ಷಿ. ಕಾಸರಗೋಡಿನ ಎಣ್ಮಕಜೆಯ ಪಡ್ರೆ ಪರಿಸರದಲ್ಲಿ ಗೇರುತೋಟಗಳ ಮೇಲೆ ಕೇರಳ ತೋಟಗಾರಿಕಾ ನಿಗಮ 2000ದ ವರೆಗೂ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸಿಂಪಡಿಸುತ್ತಿತ್ತು. ತನ್ನ ಬಳಿಗೆ ಬರುವ ರೋಗಿಗಳಲ್ಲಿ ವಿಚಿತ್ರವಾದ ಹೋಲಿಕೆಗಳನ್ನು ಗಮನಿಸಿದವರು ಹಳ್ಳಿಯ ವೈದ್ಯ ಡಾ. ವೈ.ಎಸ್. ಮೋಹನ್ ಕುಮಾರ್, ಅದನ್ನು ನಾಡಿಗೆ ತಿಳಿಸಿದವರಲ್ಲಿ ಮೊದಲಿಗರು ಪತ್ರಕರ್ತ ಶ್ರೀಪಡ್ರೆ. ಅವರಲ್ಲಿ ಪ್ರಯೋಗಾಲಯವಿರಲಿಲ್ಲ, ಅಧಿಕಾರವಿರಲಿಲ್ಲ. ಗಮನ ಮತ್ತು ಬರವಣಿಗೆ ಮಾತ್ರ ಇದ್ದವು. ಅಲ್ಲಿ ಆರಂಭವಾದ ಮಾತು 2011ರಲ್ಲಿ ಸುಪ್ರೀಂ ಕೋರ್ಟಿನ ನಿಷೇಧದ ಆಜ್ಞೆಯ ತನಕ ಹೋಯಿತು.

ನಮ್ಮ ನಡುವಿನ ಮೌನ ನಮ್ಮಲ್ಲೇ ಎಲ್ಲರ ಮೇಲೂ ಸಮನಾಗಿ ಬೀಳುವುದಿಲ್ಲ ಎಂಬುದನ್ನೂ ಹೇಳದೆ ವಿಧಿಯಿಲ್ಲ. ಫ್ಲ್ಯಾಟಿನವರಿಗೆ ಪುರಸಭೆಯ ನೀರಿದೆ, ಅದರ ಮೇಲೆ ಶುದ್ಧೀಕರಣ ಯಂತ್ರವಿದೆ. ಕಲಬುರಗಿ, ಯಾದಗಿರಿ, ವಿಜಯಪುರಗಳ ಕಡೆಯಿಂದ ಕಟ್ಟಡದ ಕೆಲಸಕ್ಕೆ, ಗಟಾರದ ಕೆಲಸಕ್ಕೆ ಬರುವ ನಮ್ಮದೇ ಭಾಷೆಯ ಕೂಲಿಕಾರರು ನಾಲೆಯ ದಡದ ಗುಡಿಸಲುಗಳಲ್ಲಿದ್ದು ಕೈಪಂಪಿನ ನೀರನ್ನು ಭಂಗಾರದ ಡ್ರಮ್ಮಿನಲ್ಲಿ ತುಂಬಿಡುತ್ತಾರೆ. ಸಂಘದ ರಾಜ್ಯೋತ್ಸವಕ್ಕೆ ಅವರನ್ನು ನಾವು ಕರೆಯುವುದೂ ಕಡಿಮೆ. ನಮ್ಮ ಹೋಟೆಲು ಮಾಲಕ ಮಿತ್ರರು ಪಾತ್ರೆ ತೊಳೆಯಲು ತರಿಸುವ ಟ್ಯಾಂಕರಿನ ನೀರು ಯಾವ ಕೊಳವೆಬಾವಿಯದೆಂದು ಕೇಳಿದವರೆಷ್ಟು ಮಂದಿ? ಇನ್ನು ಈ ನೆಲದ ಮೂಲನಿವಾಸಿಗಳಾದ ಆಗ್ರಿ-ಕೋಳಿ ಜನರು ಮೊದಲು ಕಾರ್ಖಾನೆಗೆ, ಬಳಿಕ ಹೊಸ ನಗರಕ್ಕೆ ಗದ್ದೆ ಕಳಕೊಂಡರು. ಈಗ ಖಾಡಿಯಲ್ಲಿ ಮೀನನ್ನೂ ಕಳಕೊಳ್ಳುತ್ತಿದ್ದಾರೆ. ನಾವು ನೆಲೆಸಿರುವುದು ಅವರ ಗದ್ದೆಯ ಮೇಲೆ. ಅವರ ದೂರಿಗೆ ನಮ್ಮ ದನಿ ಸೇರಿಸುವುದು ಉಪಕಾರವಲ್ಲ, ಋಣಸಂದಾಯ.

ಹಾಗಾದರೆ ಮಾಡುವುದೇನು? ನಾನು ದೊಡ್ಡ ಚಳವಳಿಯ ಮಾತನಾಡುತ್ತಿಲ್ಲ; ಸಂಘವೊಂದು ತನ್ನ ಮಿತಿಯಲ್ಲಿ ಮಾಡಬಹುದಾದ ನಾಲ್ಕು ಕೆಲಸಗಳನ್ನು ಸೂಚಿಸುತ್ತೇನೆ.

ಮೊದಲನೆಯದು, ಸದಸ್ಯರ ಸೊಸೈಟಿ ಮತ್ತು ಹೋಟೆಲುಗಳ ಕೊಳವೆಬಾವಿಯ ನೀರನ್ನು ವರ್ಷಕ್ಕೊಮ್ಮೆ ಮಾನ್ಯತೆ ಪಡೆದ ಪ್ರಯೋಗಾಲಯದಲ್ಲಿ ಪರೀಕ್ಷೆ ಮಾಡಿಸುವುದು. ಗಡಸುತನ, ಕ್ರಿಮಿಗಳ ಪರೀಕ್ಷೆಯಷ್ಟೇ ಸಾಲದು, ಭಾರಲೋಹಗಳನ್ನೂ ನೋಡಿಸಬೇಕು. ಕುಡಿಯುವ ನೀರಿನ ಭಾರತೀಯ ಮಾನಕದಂತೆ ಲೀಟರಿಗೆ ಸೀಸ 0.01 ಮಿಲಿಗ್ರಾಂ, ಕ್ಯಾಡ್ಮಿಯಂ 0.003, ಪಾದರಸ 0.001, ಕ್ರೋಮಿಯಂ 0.05 ಮಿಲಿಗ್ರಾಂ ಮೀರಬಾರದು. ಈ ನಾಲ್ಕು ಅಂಕಿಗಳನ್ನು ಸಂಘದ ಫಲಕದಲ್ಲಿ ಬರೆದಿಟ್ಟರೆ ತಪ್ಪೇನಿಲ್ಲ. ಎರಡನೆಯದು, ನಾವು ಪ್ರತಿವರ್ಷ ನಡೆಸುವ ಆರೋಗ್ಯ ಶಿಬಿರಗಳಲ್ಲಿ ರಕ್ತದೊತ್ತಡ, ಸಕ್ಕರೆಗಳ ಜೊತೆಗೆ ರೋಗಿಯ ವಾಸಸ್ಥಳ, ಉದ್ಯೋಗ, ನೀರಿನ ಮೂಲಗಳನ್ನು ದಾಖಲಿಸಿ, ಆ ವಹಿಯನ್ನು ಕಾಪಾಡುವುದು. ಹತ್ತು ವರ್ಷಗಳ ವಹಿ ಒಬ್ಬ ಸಂಶೋಧಕನಿಗೆ ನಿಧಿಯಾದೀತು. ಮೂರನೆಯದು, ಕಾನೂನಿನ ಹೊಸ ಅವಕಾಶವನ್ನು ಬಳಸುವುದು. ಕಲುಷಿತ ನಿವೇಶನಗಳ ನಿರ್ವಹಣೆಗೆಂದೇ ಕೇಂದ್ರ ಸರಕಾರ 2025ರ ಜುಲೈಯಲ್ಲಿ ಪ್ರತ್ಯೇಕ ನಿಯಮಾವಳಿಯನ್ನು ಹೊರಡಿಸಿದೆ. ಹಳೆಯ ತ್ಯಾಜ್ಯ ಬಿದ್ದಿದೆಯೆಂಬ ಸಂಶಯವಿರುವ ಜಾಗಗಳ ಪಟ್ಟಿಯನ್ನು ಸ್ಥಳೀಯ ಸಂಸ್ಥೆ ಅಥವಾ ಜಿಲ್ಲಾಡಳಿತ ಆರು ತಿಂಗಳಿಗೊಮ್ಮೆ ಮಾಡಿ ಮಾಲಿನ್ಯ ನಿಯಂತ್ರಣ ಮಂಡಳಿಗೆ ಕೊಡಬೇಕು. ಮಂಡಳಿ ಪರಿಶೀಲಿಸಿ ನಿವೇಶನವನ್ನು ಗುರುತಿಸಿದರೆ ಹೊಣೆಗಾರನಿಂದ ಶುಚಿಗೊಳಿಸುವ ವೆಚ್ಚ ವಸೂಲಿಯಾಗಬೇಕು. ಪಟ್ಟಿ ತಾನಾಗಿ ಬೆಳೆಯುವುದಿಲ್ಲ. ಇಂಥ ಕ್ವಾರಿಯಲ್ಲಿ ಇಂಥ ವರ್ಷಗಳಲ್ಲಿ ಲಾರಿಗಳು ಕೆಸರು ಸುರಿಯುತ್ತಿದ್ದವೆಂದು ಬಲ್ಲ ಹಳಬರು ಹೇಳಬೇಕು. ಕಾರ್ಖಾನೆಗಳಲ್ಲಿ ಮೂವತ್ತು ವರ್ಷ ದುಡಿದು ನಿವೃತ್ತರಾದ ನಮ್ಮವರ ನೆನಪಿನಲ್ಲಿ ಇಂಥ ಎಷ್ಟೋ ಜಾಗಗಳಿವೆ. ಆ ನೆನಪು ಅವರೊಡನೆಯೇ ಹೋಗುವ ಮೊದಲು ಬರೆದಿಡಬೇಕು. ನಾಲ್ಕನೆಯದು, ಈ ಬರವಣಿಗೆ ಮರಾಠಿಯಲ್ಲೂ ಇರಬೇಕು, ನೆರೆಹೊರೆಯ ಸಹಿಗಳೊಡನೆ ಹೋಗಬೇಕು. ಕನ್ನಡವನ್ನು ನಾವು ಹಾಡಿಗೆ, ನಾಟಕಕ್ಕೆ, ಈ ಪತ್ರಿಕೆಗೆ ಉಳಿಸಿಕೊಳ್ಳೋಣ. ನೀರಿನ ಮನವಿ ಜಿಲ್ಲಾಧಿಕಾರಿಗಳು ಓದುವ ಭಾಷೆಯಲ್ಲಿರಲಿ. ನೆರೆಯವರೊಡನೆ ಕೂಡಿ ಒಂದು ಬಾವಿಯನ್ನು ಕಾದರೆ, ಯಾರು ಒಳಗಿನವರು ಯಾರು ಹೊರಗಿನವರು ಎಂಬ ಎಷ್ಟೋ ಹಳೆಯ ಜಗಳಗಳೂ ತಣ್ಣಗಾದಾವು.

ಕೊನೆಗೆ ನನ್ನದೇ ಒಂದು ತಪ್ಪನ್ನು ಒಪ್ಪಿಕೊಳ್ಳುತ್ತೇನೆ. ಚಾಳು ಬಿಟ್ಟು ನಾವೀಗ ಇರುವ ಸೊಸೈಟಿಯಲ್ಲಿ ನಾನು ಆರು ವರ್ಷ ಕಾರ್ಯದರ್ಶಿಯಾಗಿದ್ದೆ. ಕಳೆದ ತಿಂಗಳು ಹಳೆಯ ಕಡತಗಳನ್ನು ತೆಗೆದು ನೋಡಿದಾಗ ನಮ್ಮ ಕೊಳವೆಬಾವಿಯ ಒಂದು ಪರೀಕ್ಷಾ ವರದಿ ಸಿಕ್ಕಿತು, ನನ್ನದೇ ಸಹಿಯಿದೆ. ಗಡಸುತನ, ಲವಣಾಂಶ, ಕ್ರಿಮಿ, ಎಲ್ಲದರ ಎದುರು ಅಂಕಿಗಳಿವೆ. ಸೀಸ, ಕ್ಯಾಡ್ಮಿಯಂ, ಪಾದರಸ, ಕ್ರೋಮಿಯಂಗಳ ಎದುರು ಗೆರೆ ಎಳೆದಿದೆ. ಪ್ರಯೋಗಾಲಯದ ತಪ್ಪಲ್ಲ, ಅದಕ್ಕೆ ಪ್ರತ್ಯೇಕ ಶುಲ್ಕವಿತ್ತು, ಬೇಡವೆಂದು ಉಳಿಸಿದವನು ನಾನೇ. ಆ ನೀರಿನಲ್ಲಿ ನನ್ನ ಮೊಮ್ಮಗಳು ಸ್ನಾನ ಮಾಡುತ್ತಾಳೆ. ಅವಳು ಹುಟ್ಟಿದ್ದು ಕಲ್ಯಾಣದಲ್ಲಿ; ಅವಳಿಗೆ ಊರೆಂದರೆ ಡೊಂಬಿವಲಿ. ನನಗೆ ಹಿಂದಿರುಗಲು ಒಂದು ಬಾವಿಯಿದೆ ಎಂಬ ಭ್ರಮೆಯಾದರೂ ಇತ್ತು, ಅವಳಿಗೆ ಅದೂ ಇಲ್ಲ.

ಮುಂದಿನ ಕಾರ್ಯಕಾರಿ ಸಮಿತಿಯ ಸಭೆಗೆ ನೀರಿನ ಪರೀಕ್ಷೆಯ ಗೊತ್ತುವಳಿಯೊಂದನ್ನು ಕಳುಹಿಸಿದ್ದೇನೆ. ನಮ್ಮ ಸೊಸೈಟಿಯ ಪರೀಕ್ಷೆಯ ಶುಲ್ಕವನ್ನು ನಾನೇ ಕಟ್ಟುತ್ತೇನೆ. ವರದಿ ಏನೇ ಬರಲಿ, ಅದನ್ನು ಇದೇ ಪುಟಗಳಲ್ಲಿ ಓದುಗರ ಮುಂದಿಡುತ್ತೇನೆ.